ಗರ್ಭ ನಿಂತ ದಿನದ ಲೆಕ್ಕ

ಕುಂದಗೋಳ ತಾಲೂಕಿನ ಯರಗುಪ್ಪಿಯ ಕಡೆಯ ಹೆಣ್ಣುಮಕ್ಕಳ ಮಾತಿನಲ್ಲಿ ಒಂದೇ ಕ್ರಿಯಾಪದ ಎರಡು ಕೆಲಸ ಮಾಡುತ್ತದೆ. ‘ಮುಟ್ಟು ನಿಂತೈತಿ’ ಎನ್ನುವರು. ‘ಬಸುರು ನಿಂತೈತಿ’ ಎಂದೂ ಎನ್ನುವರು. ಮೊದಲನೆಯದು ಸ್ಥಗಿತವಾಗುವುದು, ಎರಡನೆಯದು ನೆಲೆಗೊಳ್ಳುವುದು. ವ್ಯಾಕರಣಕಾರನಿಗೆ ಇದು ನಾನಾರ್ಥಕ್ಕೆ ಒಂದು ಉದಾಹರಣೆ ಮಾತ್ರ. ಶರೀರಶಾಸ್ತ್ರಜ್ಞನಾದರೋ ಇಲ್ಲಿ ಕಾರ್ಯಕಾರಣವನ್ನೇ ಕಾಣುತ್ತಾನೆ. ಭ್ರೂಣವು ಗರ್ಭಕೋಶದಲ್ಲಿ ನಿಂತುದರಿಂದಲೇ ಆ ತಿಂಗಳ ಮುಟ್ಟು ನಿಲ್ಲುತ್ತದೆ. ಈ ಎರಡು ನಿಲ್ಲುವಿಕೆಗಳ ನಡುವೆ ಕೆಲವು ದಿನಗಳ ಅಂತರವಿದೆ. ಆ ದಿನಗಳನ್ನು ಎಣಿಸಲು ಮನುಷ್ಯನು ಪಟ್ಟ ಪಾಡು ದೀರ್ಘವಾದುದು.

ಗರ್ಭೋತ್ಪತ್ತಿಗೆ ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕು ಕೂಡಬೇಕೆಂದು ಸುಶ್ರುತನು ಹೇಳುತ್ತಾನೆ. ಎರೆಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವ ಒಕ್ಕಲಿಗನಿಗೆ ಈ ಮಾತಿಗೆ ಭಾಷ್ಯ ಬೇಕಾಗದು. ಕೂರಿಗೆ ಹೂಡಿದ ದಿನ ಬೇರೆ, ಮೊಳಕೆ ಬೇರೂರಿದ ದಿನ ಬೇರೆ. ವಾಗ್ಭಟನು ಮೊದಲ ಏಳು ದಿನಗಳಲ್ಲಿ ಗರ್ಭವು ಕಲಲರೂಪವನ್ನು ತಾಳುವುದೆಂದನು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ‘ಮಿತಾಕ್ಷರಾ’ವನ್ನು ಬರೆದ ವಿಜ್ಞಾನೇಶ್ವರನ ಮುಂದಿದ್ದ ಯಾಜ್ಞವಲ್ಕ್ಯಸ್ಮೃತಿಯು ಮುಟ್ಟಿನಿಂದ ಹದಿನಾರು ರಾತ್ರಿಗಳನ್ನು ಋತುಕಾಲವೆಂದು ಗಣಿಸಿ, ಮೊದಲ ನಾಲ್ಕನ್ನು ವರ್ಜಿಸುತ್ತದೆ. ಸಮ ರಾತ್ರಿ, ವಿಷಮ ರಾತ್ರಿಗಳಿಂದ ಗಂಡುಹೆಣ್ಣುಗಳನ್ನು ನಿರ್ಣಯಿಸುವ ಭಾಗವನ್ನು ನಾವು ಬಿಟ್ಟುಬಿಡಬಹುದು. ಅದಕ್ಕೆ ಯಾವ ಆಧಾರವೂ ಇಲ್ಲ.

ನನಗೆ ಹೆಚ್ಚು ಕುತೂಹಲವೆನಿಸಿದುದು ‘ಸದ್ಯೋಗೃಹೀತ ಗರ್ಭ’ದ ಲಕ್ಷಣಗಳು. ಈಗ ತಾನೇ ಗರ್ಭ ಧರಿಸಿದವಳನ್ನು ಗುರುತಿಸುವ ಬಗೆ ಇದು. ಬಾಯಲ್ಲಿ ನೀರೂರುವುದು, ಮೈಭಾರ, ಜೋಂಪು, ತೃಪ್ತಿ ಎಂದು ಚರಕನು ಪಟ್ಟಿಮಾಡುತ್ತಾನೆ. ದಣಿವು, ಬಾಯಾರಿಕೆ, ತೊಡೆಗಳ ಸೋಲು ಎಂದು ಸುಶ್ರುತನು. ಇಂದಿಗೂ ಹೆಂಗಸರು ಇಂಥವೇ ಕುರುಹುಗಳನ್ನು ಹುಡುಕಿಕೊಳ್ಳುತ್ತಾರೆ. ತೊಡಕೇನೆಂದರೆ, ಅಂಡವು ಹೊರಬಿದ್ದ ಮೇಲೆ ಅಂಡಾಶಯವು ಪ್ರತಿ ತಿಂಗಳೂ ಸ್ರವಿಸುವ ಪ್ರೊಜೆಸ್ಟರೋನ್ ಹಾರ್ಮೋನಿನಿಂದಲೂ ಆಯಾಸ, ಮೈಭಾರಗಳು ಉಂಟಾಗುತ್ತವೆ. ಗರ್ಭ ನಿಂತಿದ್ದರೂ ಅವು ಇರುತ್ತವೆ, ನಿಲ್ಲದಿದ್ದರೂ ಇರುತ್ತವೆ.

ಅಂಡ ಹೊರಬೀಳುವ ದಿನವೇ ಬಹುಕಾಲ ತಿಳಿದಿರಲಿಲ್ಲ. ಅದು ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮೊದಲು ಎಂಬುದನ್ನು 1920ರ ದಶಕದಲ್ಲಿ ಜಪಾನಿನ ಓಗಿನೋ, ಆಸ್ಟ್ರಿಯದ ಕ್ನೌಸ್ ಬೇರೆಬೇರೆಯಾಗಿ ಕಂಡುಕೊಂಡರು. ತರುವಾಯ 1938ರಿಂದ ಸುಮಾರು ಹದಿನೈದು ವರ್ಷ ಅಮೆರಿಕದ ಹರ್ಟಿಗ್ ಮತ್ತು ರಾಕ್ ಎಂಬ ವೈದ್ಯರು, ಕಾಯಿಲೆಯ ನಿಮಿತ್ತ ಗರ್ಭಕೋಶ ತೆಗೆಸಿಕೊಳ್ಳಲಿದ್ದ 210 ಸ್ತ್ರೀಯರಲ್ಲಿ 34 ಎಳೆಯ ಭ್ರೂಣಗಳನ್ನು ಕಂಡರು. ಮೊದಲ ಕೆಲವು ದಿನ ಭ್ರೂಣವು ತೇಲುತ್ತಿರುವುದು, ಸುಮಾರು ಒಂದು ವಾರದ ಹೊತ್ತಿಗೆ ಗರ್ಭಕೋಶದ ಒಳಪದರಕ್ಕೆ ಅಂಟಿ ಬೇರೂರುವುದು, ಇವು ಕಣ್ಣಿಗೆ ಗೋಚರವಾದುದು ಹೀಗೆ. ಇಂದಾಗಿದ್ದರೆ ಅಂಥ ಅಧ್ಯಯನಕ್ಕೆ ಯಾರೂ ಅನುಮತಿ ಕೊಡಲಾರರು.

ಜೀವಂತ ಗರ್ಭದಲ್ಲಿ ಆ ದಿನವನ್ನು ಕಣ್ಣಿಂದ ನೋಡುವಂತಿಲ್ಲ, ಊಹಿಸಬೇಕು. ಬೇರೂರಿದ ಭ್ರೂಣವು ಎಚ್‌ಸಿಜಿ ಎಂಬ ಹಾರ್ಮೋನನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಅದರಿಂದ ಪ್ರೊಜೆಸ್ಟರೋನು ನಿಲ್ಲದೆ ಒದಗಿ, ಮುಟ್ಟು ತಡೆಯುತ್ತದೆ. 1972ರಲ್ಲಿ ಈ ಹಾರ್ಮೋನನ್ನು ಬೇರ್ಪಡಿಸಿ ಅಳೆಯುವ ಸೂಕ್ಷ್ಮ ವಿಧಾನ ದೊರೆಯಿತು. 1980ರ ದಶಕದ ಆರಂಭದಲ್ಲಿ ಅಮೆರಿಕದ ನಾರ್ತ್ ಕೆರೊಲಿನದಲ್ಲಿ 221 ಸ್ತ್ರೀಯರು ದಿನವೂ ಮೂತ್ರವನ್ನು ಸಂಗ್ರಹಿಸಿ ಕೊಟ್ಟರು. ವಿಲ್‌ಕಾಕ್ಸ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಉಳಿದು ಬೆಳೆದ 141 ಗರ್ಭಗಳಲ್ಲಿ ನೆಲೆಯೂರಿದುದು ಅಂಡ ಹೊರಬಿದ್ದ ಆರರಿಂದ ಹನ್ನೆರಡನೆಯ ದಿನದೊಳಗೆ. ಅವುಗಳಲ್ಲಿ 118 ಎಂಟು, ಒಂಬತ್ತು, ಹತ್ತನೆಯ ದಿನಗಳಲ್ಲಿ. ಒಂಬತ್ತನೆಯ ದಿನದೊಳಗೆ ನಿಂತವುಗಳಲ್ಲಿ ಬೇಗನೆ ಕಳೆದುಹೋದವು ಶೇಕಡಾ 13. ಹನ್ನೊಂದನೆಯ ದಿನ ನಿಂತವುಗಳಲ್ಲಿ ಶೇಕಡಾ 52. ಆ ಹೆಂಗಸು ಎತ್ತಿದ ಕೊಡ, ಏರಿದ ಬಸ್ಸು ಇದಕ್ಕೆ ಕಾರಣವೆಂದು ಅತ್ತೆಯಾಗಲಿ ನೆರೆಯವರಾಗಲಿ ದೂರುವಲ್ಲಿ, ಈ ಅಂಕಿಗಳು ಬೇರೆಯದನ್ನೇ ಸೂಚಿಸುತ್ತವೆ.

ಬೀಜವನ್ನು ಮೈಯ ಹೊರಗೆ ಮೊಳೆಯಿಸುವ ವಿದ್ಯೆ 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಫಲಿಸಿತು. ಅದೇ ಅಕ್ಟೋಬರಿನಲ್ಲಿ ಕಲ್ಕತ್ತೆಯ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದಲೂ ಶಿಶುವೊಂದು ಜನಿಸಿತು. ಇಲ್ಲಿ ಬಿತ್ತಿದ ಗಳಿಗೆ ಖಚಿತ. ಐದು ದಿನದ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸಿದರೆ ಸಾಮಾನ್ಯವಾಗಿ ಮುಂದಿನ ಕೆಲವೇ ದಿನಗಳಲ್ಲಿ ಅದು ನೆಲೆಯೂರಬೇಕು. ಆದರೂ ರಕ್ತಪರೀಕ್ಷೆಗೆ ಒಂಬತ್ತು ದಿನವೋ ಎರಡು ವಾರವೋ ಕಾಯಿರೆಂದು ವೈದ್ಯರು ಹೇಳುವುದುಂಟು. ಅಂಡವನ್ನು ಪಕ್ವಗೊಳಿಸಲು ಕೊಟ್ಟ ಚುಚ್ಚುಮದ್ದು ಎಚ್‌ಸಿಜಿಯೇ ಆಗಿದ್ದರೆ ಅದರ ಶೇಷವು ಸುಳ್ಳು ಶುಭವಾರ್ತೆಯನ್ನು ತರಬಹುದು. ತೀರ ಬೇಗ ನೋಡಿದರೆ ನಿಂತ ಗರ್ಭವೂ ಇಲ್ಲವೆಂದೇ ತೋರಬಹುದು.

ಎಲ್ಲಕ್ಕಿಂತ ಅಪಾಯಕರವಾದ ಲೆಕ್ಕ ಇನ್ನೊಂದಿದೆ. 19ನೆಯ ಶತಮಾನದ ಜರ್ಮನ್ ವೈದ್ಯ ನೇಗೆಲೆಯ ಹೆಸರಿನಲ್ಲಿ ರೂಢಿಯಾದ 280 ದಿನಗಳ ಎಣಿಕೆ ಕೊನೆಯ ಮುಟ್ಟಿನ ಮೊದಲ ದಿನದಿಂದ ಹೊರಡುತ್ತದೆ, ಅಂದರೆ ಬೀಜ ಸೇರುವುದಕ್ಕೆ ಸುಮಾರು ಎರಡು ವಾರ ಮೊದಲಿನಿಂದ. ದುಡಿಯಲು ದೂರ ಹೋದ ಗಂಡ ಊರಿಗೆ ಬಂದು ಆರು ವಾರವಾಗಿದೆ, ಸ್ಕ್ಯಾನಿಂಗ್ ಚೀಟಿಯಲ್ಲಿ ಎಂಟು ವಾರವೆಂದಿದೆ ಎನ್ನಿ. ಬೆರಳು ಮಡಚಿ ಎಣಿಸುವ ನೆಂಟರು ಈ ಎರಡು ವಾರಗಳನ್ನು ಅವಳ ನಡತೆಯ ಮೇಲೆ ಹೊರಿಸಿಬಿಡುತ್ತಾರೆ. ಪ್ರಯೋಗಶಾಲೆಯ ಭ್ರೂಣಕ್ಕೂ ಇದೇ ಲೆಕ್ಕ. ಐದು ದಿನದ ಭ್ರೂಣ ಒಳಸೇರಿದಂದೇ ಚೀಟಿಯಲ್ಲಿ ಎರಡು ವಾರ ಐದು ದಿನದ ಬಸುರು. ಅಲ್ಲಿ ದಿನಗಳ ದಾಖಲೆ ಇರುವುದರಿಂದ ಯಾರೂ ಸಂಶಯಪಡುವುದಿಲ್ಲ.

ನ್ಯಾಯಶಾಸ್ತ್ರವು ಈ ವಿಷಯದಲ್ಲಿ ನೆಂಟರಿಗಿಂತ ಉದಾರಿ. 1872ರ ಸಾಕ್ಷ್ಯ ಅಧಿನಿಯಮವು ವಿವಾಹ ಕೊನೆಗೊಂಡ 280 ದಿನಗಳೊಳಗೆ, ತಾಯಿ ಮರುಮದುವೆಯಾಗದಿದ್ದಲ್ಲಿ, ಹುಟ್ಟಿದ ಮಗುವನ್ನು ಆ ಗಂಡನ ಔರಸಸಂತಾನವೆಂದು ಎಣಿಸಿತು. ಆ ಕಾಲದಲ್ಲಿ ದಂಪತಿಗಳಿಗೆ ಒಂದುಗೂಡುವ ಅವಕಾಶವೇ ಇರಲಿಲ್ಲವೆಂದು ರುಜುವಾತಾಗದ ಹೊರತು. ಬೀಜ ಸೇರಿದ ದಿನದಿಂದ ಹೆರಿಗೆಗೆ ಸಾಮಾನ್ಯವಾಗಿ ಹಿಡಿಯುವುದು 266 ದಿನ. ಮುಟ್ಟಿನಿಂದ ಎಣಿಸುವ 280ನ್ನೇ ಕಾನೂನು ವಿವಾಹ ಮುರಿದ ದಿನದಿಂದ ಎಣಿಸಿ, ತಾಯಿಗೂ ಮಗುವಿಗೂ ಎರಡು ವಾರಗಳ ಅವಕಾಶವನ್ನು ಕೊಟ್ಟಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಆ ಸಂಖ್ಯೆ ಹಾಗೆಯೇ ಉಳಿದಿದೆ.