ವೃಷಭಾವತಿಯೂ ಬೆಂಗಳೂರಿನ ಜಲಮಾರ್ಗಗಳೂ

ನದೀತೀರವನ್ನು ಆಶ್ರಯಿಸಿ ಪಟ್ಟಣಗಳು ಬೆಳೆಯುವುದು ಲೋಕರೂಢಿ. ಬೆಂಗಳೂರಾದರೋ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲೆ ನೆಲೆಗೊಂಡಿರುವುದು. ಈ ದಿಣ್ಣೆಯ ಪಶ್ಚಿಮಪಾರ್ಶ್ವದಲ್ಲಿ ಬಿದ್ದ ಮಳೆಯು ವೃಷಭಾವತಿಯನ್ನು ಸೇರಿ, ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುವುದು. ಪೂರ್ವಪಾರ್ಶ್ವದ ನೀರು ಹೆಬ್ಬಾಳ, ಕೋರಮಂಗಲ, ಚಲ್ಲಘಟ್ಟಗಳ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿಯನ್ನು ಕೂಡುವುದು. ಮಹಾನದಿಯಿಲ್ಲದ ಈ ಪಟ್ಟಣವು ಬಾಳಿ ಬೆಳೆದ ಬಗೆಯು ವಿಚಾರಾರ್ಹವಾದುದು.

1537ನೆಯ ಇಸವಿಯಲ್ಲಿ ಕೆಂಪೇಗೌಡನು ಪಟ್ಟಣಕ್ಕೆ ಅಸ್ತಿಭಾರವನ್ನು ಹಾಕಿದನೆಂದು ಪ್ರಸಿದ್ಧಿ. ಹಳ್ಳಗಳಿಗೆ ಅಡ್ಡಲಾಗಿ ಏರಿಯನ್ನು ಕಟ್ಟಿ ಮಳೆನೀರನ್ನು ನಿಲ್ಲಿಸುವುದೇ ಪೂರ್ವಿಕರ ಕ್ರಮವಾಗಿದ್ದಿತು. ಮೇಲಣ ಕೆರೆಯು ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಹರಿದು ಕೆಳಗಣ ಕೆರೆಗೆ ಸೇರುತ್ತಿದ್ದಿತು. ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರು ಕೆರೆಗಳು ಈ ವಿಧವಾಗಿ ಸರಪಣಿಯಂತೆ ಹೆಣೆದುಕೊಂಡಿರುವುವು. ತೂಬನ್ನು ತೆರೆದು ಮುಚ್ಚಿ ಗದ್ದೆಗಳಿಗೆ ನೀರು ಹಂಚುವವನು ನೀರುಗಂಟಿ. ಹೂಳೆತ್ತುವುದು, ಏರಿಯನ್ನು ಭದ್ರಪಡಿಸುವುದು ಊರವರೆಲ್ಲರ ಹೊಣೆ.

ಜನಸಂಖ್ಯೆಯು ಹೆಚ್ಚಲು ದೂರದ ನೀರು ಬೇಕಾಯಿತು. 1896ರಲ್ಲಿ ಹೆಸರಘಟ್ಟದಿಂದಲೂ, 1933ರ ಬಳಿಕ ತಿಪ್ಪಗೊಂಡನಹಳ್ಳಿಯಿಂದಲೂ, 1974ರಿಂದ ಕಾವೇರಿಯಿಂದಲೂ ನೀರು ಬಂದಿತು. ಮನೆಯ ಬಾಗಿಲಿಗೆ ನಲ್ಲಿಯು ಬಂದೊಡನೆ ಕೆರೆಯ ಮೇಲಣ ಅಕ್ಕರೆಯು ಕುಗ್ಗಿತು. ಧರ್ಮಾಂಬುಧಿಯ ನೆಲದಲ್ಲಿ ಇಂದು ಬಸ್ಸು ನಿಲ್ದಾಣವಿರುವುದು. ಸಂಪಂಗಿ ಕೆರೆಯು ಕ್ರೀಡಾಂಗಣವಾಗಿರುವುದು. ಕಾಲುವೆಗಳು ಕೊಚ್ಚೆಯ ದಾರಿಗಳಾದುವು. ಬೆಳ್ಳಂದೂರು ಕೆರೆಯಲ್ಲಿ ನೊರೆಯುಕ್ಕಿ, 2015ರಲ್ಲಿಯೂ 2017ರಲ್ಲಿಯೂ ಬೆಂಕಿ ಎದ್ದಿತು. ನೀರಿನ ನೆಲೆಯಲ್ಲಿ ಉರಿಯೆದ್ದುದಕ್ಕಿಂತ ಹೆಚ್ಚಿನ ಎಚ್ಚರಿಕೆಯು ಇನ್ನಾವುದು?

ವೃಷಭಾವತಿಯ ಪಾಡು ಇನ್ನೂ ಶೋಚನೀಯವು. ಬಸವನಗುಡಿಯ ದೊಡ್ಡಬಸವಣ್ಣನ ಪಾದಮೂಲದಲ್ಲಿ ಉದ್ಭವಿಸಿದಳೆಂದು ಐತಿಹ್ಯವುಳ್ಳ ಈ ಹೊಳೆಯನ್ನು ನಗರದ ಜನರು ಮೋರಿಯೆಂದೇ ಬಲ್ಲರು. ಸುಮಾರು 100 ಕಿಲೋಮೀಟರು ದೂರದಿಂದ, ಯಂತ್ರಬಲದಿಂದ ಮೇಲೆತ್ತಿ ತಂದ ಕಾವೇರಿಯ ನೀರಿನಲ್ಲೊಂದು ಭಾಗವು ಬಳಕೆಯಾದ ಮೇಲೆ ಕೊಳೆಯಾಗಿ ಇವಳನ್ನು ಸೇರಿ, ಮರಳಿ ಕಾವೇರಿಯ ಕಡೆಗೇ ಹರಿಯುವುದು. ನಾವು ನಿರ್ಮಲವಾಗಿ ಪಡೆದುದನ್ನು ಮಲಿನಮಾಡಿ ತಾಯಿಗೆ ಹಿಂದಿರುಗಿಸುತ್ತಿರುವೆವು. ಬೈರಮಂಗಲದ ಕೆರೆಯ ಕೆಳಗಣ ರೈತರು ಈ ನೀರನ್ನೇ ನಂಬಿ ಬೇಸಾಯ ಮಾಡಬೇಕಾಗಿರುವುದು.

ಆದರೂ ನಿರಾಶೆಗೆ ಕಾರಣವಿಲ್ಲ. ಪೂರ್ವದ ಕಣಿವೆಗಳ ಬಳಸಿದ ನೀರನ್ನು ಶುದ್ಧೀಕರಿಸಿ, 2018ರಿಂದ ಕೋಲಾರದ ಒಣಗೆರೆಗಳಿಗೆ ಏರಿಸುತ್ತಿರುವರು. ಆ ಶುದ್ಧಿಯು ಸಾಲದೆಂಬ ಆಕ್ಷೇಪಣೆಯೂ ಉಂಟು, ಅದನ್ನು ಅಲಕ್ಷಿಸಲಾಗದು. ಎಷ್ಟು ದೂರದಿಂದ ನೀರು ತಂದರೂ, ಊರೊಳಗಣ ಹಳ್ಳವನ್ನು ಕೆಡಿಸಿದವರಿಗೆ ದಾಹವು ತೀರದೆಂಬುದೇ ಈ ಚರಿತ್ರೆಯ ಸಾರ.

ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸುವುದನ್ನೇ ಶಿವಕಾರ್ಯವೆಂದು ಬಗೆದರು. ಆ ಪರಂಪರೆಯನ್ನು ನೆನೆಯುವ ಭಕ್ತಮಹಾಶಯರು ತಮ್ಮ ತಮ್ಮ ಊರಿನ ಕಾಲುವೆಗೆ ಕಸವನ್ನು ಚೆಲ್ಲದಿರುವುದರಿಂದಲಾದರೂ ಆ ಕಾರ್ಯವನ್ನು ಆರಂಭಿಸಬಹುದಷ್ಟೆ.