ನಾಯಿಯ ಹುಳು, ಕುರಿಯ ಗುಳ್ಳೆ ಮತ್ತು ನಮ್ಮ ಅಡಿಕೆ

ಪೀಕು ತೆಗೆದ ಮೇಲೆ ಹುಕ್ಕೇರಿ, ಗೋಕಾಕ, ಮೂಡಲಗಿ ಭಾಗದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುತ್ತಾರೆ. ಕುರಿ ಇದ್ದಲ್ಲಿ ನಾಯಿ ಇದ್ದೇ ಇರುತ್ತದೆ. ರಾತ್ರಿ ತೋಳ ಬಂದರೂ ಕಳ್ಳ ಬಂದರೂ ಮೊದಲು ಬೊಗಳುವುದು ಅದೇ. ಕುರಿ ಕೊಯ್ದ ದಿನ ನಾವು ತಿನ್ನದೆ ಬಿಟ್ಟ ಒಳಗಿನ ತುಂಡುಗಳು ಅದರ ಪಾಲು. ಈ ರೂಢಿಯಲ್ಲೇ ಒಂದು ಹುಳುವಿನ ಬದುಕು ಅಡಗಿದೆ. ಅದನ್ನು ಪತ್ತೆ ಹಚ್ಚಲು ಮನುಷ್ಯರಿಗೆ ಎರಡು ಸಾವಿರ ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಕುರಿಯ ಲಿವರ್ ಮತ್ತು ಶ್ವಾಸಕೋಶದಲ್ಲಿ ಕೆಲವೊಮ್ಮೆ ನೀರು ತುಂಬಿದ ಬಿಳಿ ಗುಳ್ಳೆ ಕಾಣುತ್ತದೆ. ಗ್ರೀಸ್ ದೇಶದ ಪ್ರಾಚೀನ ವೈದ್ಯ ಹಿಪೊಕ್ರೆಟಿಸ್‌ನ ಕಾಲದಲ್ಲೇ ಇದು ಗೊತ್ತಿತ್ತು. ಆದರೆ ಅದು ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿರಲಿಲ್ಲ. 1850ರ ದಶಕದಲ್ಲಿ ಜರ್ಮನಿಯ ವಿಜ್ಞಾನಿ ಸೀಬೋಲ್ಡ್ ಆ ಗುಳ್ಳೆಗಳನ್ನು ನಾಯಿಗಳಿಗೆ ತಿನ್ನಿಸಿದ. ಕೆಲವು ವಾರಗಳ ಮೇಲೆ ಆ ನಾಯಿಗಳ ಕರುಳಿನಲ್ಲಿ ಪುಟ್ಟ ಲಾಡಿಹುಳುಗಳು ಸಿಕ್ಕವು. ಉದ್ದ ಒಂದು ಸೆಂಟಿಮೀಟರ್ ಕೂಡ ಇಲ್ಲ. ಗುಳ್ಳೆ ಆ ಹುಳುವಿನದೇ ಮರಿರೂಪ ಎಂಬುದು ಆಗ ಸಾಬೀತಾಯಿತು.

ಇದರ ದಾರಿ ಹೀಗಿದೆ. ನಾಯಿಯ ಮಲದಲ್ಲಿ ಹುಳುವಿನ ಮೊಟ್ಟೆ ಹೊರಬೀಳುತ್ತದೆ. ಹುಲ್ಲಿನ ಜೊತೆ ಅದು ಕುರಿಯ ಹೊಟ್ಟೆ ಸೇರಿ ಗುಳ್ಳೆಯಾಗುತ್ತದೆ. ಆ ಗುಳ್ಳೆಯನ್ನು ಹಸಿಯಾಗಿ ತಿಂದ ನಾಯಿಯಲ್ಲಿ ಮತ್ತೆ ಹುಳುವಾಗುತ್ತದೆ. ನಡುವೆ ಸಿಕ್ಕಿಬೀಳುವವರು ನಾವು. ನಾಯಿ ಮುಟ್ಟಿದ ಕೈ, ತೊಳೆಯದ ಸೊಪ್ಪು, ಕೆಟ್ಟ ನೀರಿನ ಮೂಲಕ ಮೊಟ್ಟೆ ನಮ್ಮ ಹೊಟ್ಟೆಗೆ ಹೋದರೆ ನಮ್ಮ ಲಿವರ್‌ನಲ್ಲೂ ಗುಳ್ಳೆ ಬೆಳೆಯುತ್ತದೆ. ವರ್ಷಗಟ್ಟಲೆ ಸದ್ದಿಲ್ಲದೆ ದೊಡ್ಡದಾಗಿ, ಕೊನೆಗೆ ಆಪರೇಷನ್ ಮಾಡಿಸಬೇಕಾಗಿ ಬರಬಹುದು. ಡಾಕ್ಟರು ಇದನ್ನು ಹೈಡಾಟಿಡ್ ಎನ್ನುತ್ತಾರೆ.

ಈ ರೋಗದಿಂದ ಬಹಳ ನರಳಿದ್ದು ಐಸ್‌ಲ್ಯಾಂಡ್. ನಮ್ಮಂತೆಯೇ ಕುರಿ, ನಾಯಿ ಸಾಕುವ ದೇಶ ಅದು. 1863ರಲ್ಲಿ ಅಲ್ಲಿಗೆ ಹೋದ ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ 100 ನಾಯಿಗಳನ್ನು ಕೊಯ್ದು ನೋಡಿದಾಗ 28ರಲ್ಲಿ ಈ ಹುಳು ಇತ್ತು. ಆತ ಜನರಿಗೆ ತಿಳಿಯುವ ಮಾತಿನಲ್ಲಿ ಒಂದು ಸಣ್ಣ ಪುಸ್ತಿಕೆ ಬರೆದ. 1864ರಲ್ಲಿ ಅದನ್ನು ಮನೆಮನೆಗೆ ಹಂಚಲಾಯಿತು. ಜನ ಓದಿದರು. ಗುಳ್ಳೆಯಿದ್ದ ಮಾಂಸವನ್ನು ಸುಡುವ, ಹೂಳುವ ರೂಢಿ ಬಂತು. ಮುಂದೆ 1869 ಮತ್ತು 1890ರಲ್ಲಿ ನಾಯಿಗಳ ಮೇಲೆ ಕಾನೂನೂ ಬಂತು. ಒಂದೆರಡು ತಲೆಮಾರಿನಲ್ಲಿ ರೋಗ ಇಲ್ಲವಾಗುತ್ತಾ ಬಂತು.

ಇನ್ನು ಔಷಧದ ಮಾತು. ನಾವು ಎಲೆಯ ಜೊತೆ ಅಗಿಯುವ ಅಡಿಕೆಯೇ ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ನಾಯಿಯ ಹುಳುವಿಗೆ ಮದ್ದಾಗಿತ್ತು. ನಾಯಿಯ ತೂಕ ನೋಡಿ ಅಡಿಕೆ ಪುಡಿ ಕೊಡುತ್ತಿದ್ದರು. ಅಡಿಕೆಯಲ್ಲಿರುವ ಅರೆಕೋಲಿನ್ ಹುಳುವಿನ ಹಿಡಿತ ಸಡಿಲಿಸಿ, ಭೇದಿಯ ಜೊತೆ ಹೊರಗೆ ತಳ್ಳುತ್ತದೆ. ನ್ಯೂಜಿಲೆಂಡ್ 1959ರಲ್ಲಿ ಹೈಡಾಟಿಡ್ ಕಾಯ್ದೆ ತಂದು, ಊರಿನ ನಾಯಿಗಳನ್ನೆಲ್ಲ ಒಂದೆಡೆ ಸೇರಿಸಿ ಅರೆಕೋಲಿನ್ ಕೊಟ್ಟು, ಭೇದಿಯಲ್ಲಿ ಹುಳು ಇದೆಯೇ ಎಂದು ಪರೀಕ್ಷಿಸಿತು. ನಾಯಿಗೆ ಹಸಿ ಒಳಮಾಂಸ ಹಾಕುವುದನ್ನು ಅಪರಾಧ ಮಾಡಿತು. 2002ರಲ್ಲಿ ಆ ದೇಶ ತಾನು ಈ ರೋಗದಿಂದ ಮುಕ್ತ ಎಂದು ಘೋಷಿಸಿಕೊಂಡಿತು.

ಹಾಗೆಂದು ಮನೆಯ ಅಡಿಕೆಯನ್ನು ನಾಯಿಗೆ ಹಾಕಬೇಡಿ. ವಾಂತಿ, ಭೇದಿ ಜೋರಾಗಿ ಜೀವಕ್ಕೇ ಅಪಾಯ. 1970ರ ದಶಕದಲ್ಲಿ ಪ್ರಾಜಿಕ್ವಾಂಟೆಲ್ ಗುಳಿಗೆ ಬಂದ ಮೇಲೆ ಅಡಿಕೆಯ ಕಾಲ ಮುಗಿಯಿತು. ಈ ಗುಳಿಗೆ ಹುಳುವನ್ನು ಕರುಳಿನಲ್ಲೇ ಕೊಲ್ಲುತ್ತದೆ, ಆದರೆ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಹಾಗಾಗಿ ಗುಳಿಗೆ ಕೊಟ್ಟ ಒಂದೆರಡು ದಿನ ನಾಯಿಯನ್ನು ಕಟ್ಟಿ, ಮಲವನ್ನು ಆಳವಾಗಿ ಹೂಳಬೇಕು ಇಲ್ಲವೇ ಸುಡಬೇಕು.

ನಾಯಿಯಲ್ಲಿ ಈ ಹುಳು ಬಲಿತು ಮೊಟ್ಟೆ ಇಡಲು ಸುಮಾರು ಆರು ವಾರ ಬೇಕು. ಅದಕ್ಕೇ ಕುರಿ ಕಾಯುವ ನಾಯಿಗೆ ಆರು ವಾರಕ್ಕೊಮ್ಮೆ, ಮನೆಯ ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ ಗುಳಿಗೆ ಹಾಕಬೇಕು ಎನ್ನುತ್ತಾರೆ. ಮರಿಗಳಿಗೆ ದುಂಡುಹುಳು ತಾಯಿಯ ಹೊಟ್ಟೆಯಿಂದಲೇ ಬರುತ್ತದೆ, ಹಾಲಿನಿಂದಲೂ ಬರುತ್ತದೆ. ಅವಕ್ಕೆ ಬೇರೆ ಔಷಧ ಬೇಕು. ಎರಡು ವಾರದ ಮರಿಯಿಂದಲೇ ಶುರುಮಾಡಬೇಕು. ನಾಯಿಯನ್ನು ತೂಕ ಮಾಡಿಸಿ ದನದ ದವಾಖಾನೆಯ ಡಾಕ್ಟರರನ್ನೇ ಕೇಳಿ. ಮುಧೋಳ ತಳಿಯ ನಾಯಿಯಾಗಲಿ, ಓಣಿಯ ನಾಯಿಯಾಗಲಿ, ಹುಳುವಿಗೆ ಭೇದವಿಲ್ಲ.

ನಮ್ಮ ರಾಜ್ಯದ ಕಸಾಯಿಖಾನೆಗಳಲ್ಲೂ ಪಶುವೈದ್ಯರು ಈ ಗುಳ್ಳೆ ಕಂಡಿದ್ದಾರೆ. ಐಸ್‌ಲ್ಯಾಂಡಿನ ಜನರ ಕೈಯಲ್ಲಿ ಇಂದಿನ ಗುಳಿಗೆ ಇರಲಿಲ್ಲ. ಅವರಿಗೆ ಆಗಿದ್ದು ನಮಗೂ ಆಗುತ್ತದೆ. ಮುಂದಿನ ಸಲ ಕುರಿ ಕೊಯ್ದಾಗ ಗುಳ್ಳೆ ಕಂಡ ತುಂಡನ್ನು ನಾಯಿಗೆ ಎಸೆಯಬೇಡಿ. ನಾಯಿ ಕೆದರದಷ್ಟು ಆಳದ ಗುಂಡಿ ತೋಡಿ ಹೂಳಿ. ನಾಯಿಗೆ ಹಾಕಲೇಬೇಕೆಂದರೆ ಗುಳ್ಳೆ ಇಲ್ಲದ ತುಂಡನ್ನು ಚೆನ್ನಾಗಿ ಬೇಯಿಸಿ ಹಾಕಿ.