ಬೇಸಗೆಯಲ್ಲಿ ಬಿದ್ದ ಹಿಮ

ರೋಮ್ ನಗರದ ಎಸ್ಕ್ವಿಲಿನ್ ಗುಡ್ಡದ ಮೇಲೆ ಸಾಂತಾ ಮರಿಯಾ ಮಜ್ಜೋರೆ ಎಂಬ ಪ್ರಾಚೀನ ದೇವಾಲಯವಿದೆ. ಪ್ರತಿವರ್ಷ ಆಗಸ್ಟ್ 5ರಂದು, ಇಟಲಿಯ ಬಿಸಿಲು ಕಲ್ಲನ್ನೂ ಕಾಯಿಸುತ್ತಿರುವ ದಿನಗಳಲ್ಲಿ, ಅದರ ಒಳಮಾಳಿಗೆಯಿಂದ ಭಕ್ತರ ಮೇಲೆ ಬಿಳಿಯ ಹೂವಿನ ಎಸಳುಗಳು ಉದುರುತ್ತವೆ. ಆ ಎಸಳುಗಳು ಹಿಮದ ಪ್ರತಿನಿಧಿಗಳು.

ಐತಿಹ್ಯ ಹೀಗಿದೆ. ಲಿಬೇರಿಯಸ್ ಪೋಪರಾಗಿದ್ದಾಗ (352–366) ಯೋಹಾನನೆಂಬ ಶ್ರೀಮಂತನೂ ಅವನ ಪತ್ನಿಯೂ ಮಕ್ಕಳಿಲ್ಲದೆ, ತಮ್ಮ ಸಂಪತ್ತನ್ನೆಲ್ಲ ಕನ್ಯೆ ಮರಿಯಳಿಗೆ ಅರ್ಪಿಸಲು ನಿಶ್ಚಯಿಸಿದರು. ಒಂದು ರಾತ್ರಿ ಆಕೆ ದಂಪತಿಗಳ ಕನಸಿನಲ್ಲಿಯೂ ಪೋಪರ ಕನಸಿನಲ್ಲಿಯೂ ಕಾಣಿಸಿಕೊಂಡು, ಹಿಮ ಬಿದ್ದ ಸ್ಥಳದಲ್ಲಿ ಗುಡಿ ಕಟ್ಟಿರೆಂದಳು. ಬೆಳಗಾದಾಗ ನಡುಬೇಸಗೆಯ ಗುಡ್ಡ ಬೆಳ್ಳಗಿತ್ತು.

ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಈಗಿರುವ ದೇವಾಲಯವನ್ನು ಕಟ್ಟಿಸಿದವರು ಮೂರನೆಯ ಸಿಕ್ಸ್ಟಸ್ (432–440). ಮರಿಯಳನ್ನು ‘ದೇವಮಾತೆ’ ಎಂದು ಕರೆಯುವುದು ಸರಿಯೆಂದು 431ರಲ್ಲಿ ಎಫೆಸಸ್ ಮಹಾಸಭೆ ತೀರ್ಮಾನಿಸಿದ ಮೇಲಿನ ಮಾತದು. ಹಿಮದ ಕಥೆ ಬರಹದಲ್ಲಿ ಕಾಣಿಸುವುದು ಅದಕ್ಕೂ ಹಲವು ಶತಮಾನಗಳ ಅನಂತರ.

ಆದರೆ ಕಥೆ ಸುಳ್ಳಾದ ಮಾತ್ರಕ್ಕೆ ಅದನ್ನು ಕಲ್ಪಿಸಿದ ಮನಸ್ಸು ಸುಳ್ಳಾಗುವುದೆ? ಬೈಬಲ್ಲಿನಲ್ಲಿ ಹಿಮಕ್ಕೆ ಒಂದೇ ಅರ್ಥವಿಲ್ಲ. ದಾವೀದನ ಹೆಸರಿನ ಪಶ್ಚಾತ್ತಾಪದ ಕೀರ್ತನೆಯಲ್ಲಿ ಅದು ಪಾಪ ತೊಳೆದುಹೋದ ಬಿಳುಪು. ಯೆಶಾಯನಲ್ಲಿ ಮಣ್ಣಿಗಿಳಿದು ಬೆಳೆಯಾಗುವ ದೈವವಾಕ್ಕಿನ ಉಪಮೆಯೂ ಹೌದು. ಆದರೆ ಮೋಶೆಯ ಅಕ್ಕ ಮಿರ್ಯಾಮಳ ಮೈ ಹಿಮದಂತಾದುದು ಕುಷ್ಠದಿಂದ. ಕ್ಷಮೆಗೂ ಶಿಕ್ಷೆಗೂ ಒಂದೇ ಬಣ್ಣ! ಇನ್ನು ಜ್ಞಾನೋಕ್ತಿಗಳ ಗ್ರಂಥವಂತೂ ಬೇಸಗೆಯ ಹಿಮವನ್ನು ಮೂಢನಿಗೆ ಸಲ್ಲುವ ಮಾನದೊಂದಿಗೆ ಹೋಲಿಸಿ, ಎರಡೂ ಸಲ್ಲದವೆಂದು ಹೇಳಿಬಿಟ್ಟಿದೆ. ರೋಮಿನ ಐತಿಹ್ಯ ಈ ವಿವೇಕವನ್ನೇ ತಿರುಗಿಸಿ ನಿಲ್ಲಿಸಿತು. ಋತುವಿಗೆ ಸಲ್ಲದ್ದು, ಯಾರೂ ದುಡಿದು ಗಳಿಸಲಾಗದ್ದು, ಅದೇ ಕೃಪೆಯ ಗುರುತಾಯಿತು. ಪ್ರಕೃತಿನಿಯಮ ಮೀರಿ ತಾಯಾದವಳಿಗೆ ಇದಕ್ಕಿಂತ ಒಪ್ಪುವ ಸಂಕೇತವನ್ನು ನಾನಂತೂ ಕಾಣೆ.

ಸುಮಾರು 1428ರಲ್ಲಿ ಮಸೊಲೀನೊ ಇದೇ ದೇವಾಲಯಕ್ಕಾಗಿ ಬರೆದ ಚಿತ್ರವೊಂದು ಈಗ ನೇಪಲ್ಸ್ ನಗರದ ಕಪೋದಿಮೋಂತೆ ಸಂಗ್ರಹಾಲಯದಲ್ಲಿದೆ. ಮೇಲೆ ವರ್ತುಲವೊಂದರಲ್ಲಿ ಕ್ರಿಸ್ತನೂ ಮರಿಯಳೂ ಇದ್ದಾರೆ. ಕೆಳಗೆ ಪೋಪರು ಗುದ್ದಲಿ ಹಿಡಿದು ಹಿಮದ ಮೇಲೆ ಗುಡಿಯ ಪಾಯದ ಗೆರೆ ಎಳೆಯುತ್ತಿದ್ದಾರೆ. ಹಿಮ ಕರಗುವುದರೊಳಗೆ ಕೆಲಸ ಮುಗಿಯಬೇಕಲ್ಲ!

1969ರಲ್ಲಿ ರೋಮನ್ ಪಂಚಾಂಗ ಪರಿಷ್ಕೃತವಾದಾಗ ಆಗಸ್ಟ್ 5ರ ಹಬ್ಬದ ಹೆಸರಿನಿಂದ ಹಿಮವನ್ನು ತೆಗೆದುಹಾಕಿದರು. ಅದು ದೇವಾಲಯದ ಪ್ರತಿಷ್ಠೆಯ ಸ್ಮರಣೆಯಾಗಿ ಮಾತ್ರ ಉಳಿಯಿತು. ವಿಚಿತ್ರವೆಂದರೆ, ಹದಿಮೂರೇ ವರ್ಷಗಳ ಮೇಲೆ, 1982ರಲ್ಲಿ, ಅದೇ ರೋಮ್ ತಮಿಳುನಾಡಿನ ತೂತುಕುಡಿಯ ಹಿಮಮಾತೆಯ ಗುಡಿಗೆ ಬಸಿಲಿಕಾ ಎಂಬ ಗೌರವವನ್ನು ನೀಡಿತು.

ಪೋರ್ಚುಗೀಸರ ಕಾಲದಲ್ಲಿ, 16ನೆಯ ಶತಮಾನದಲ್ಲಿ, ಕ್ರೈಸ್ತರಾದ ಪರವರ ಕಡಲತೀರ ಅದು. ಮುತ್ತಿಗಾಗಿ ಮುಳುಗುತ್ತಿದ್ದವರು, ಮೀನು ಹಿಡಿಯುವವರು, ಹಿಮವನ್ನು ಕಂಡವರಲ್ಲ. ಅವರು ಆಕೆಯನ್ನು ‘ಪನಿಮಯ ಮಾತಾ’ ಎನ್ನುತ್ತಾರೆ. ತಮಿಳಿನ ‘ಪನಿ’ ಹಿಮವೂ ಹೌದು, ಮಂಜೂ ಹೌದು, ಇಬ್ಬನಿಯೂ ಹೌದು. ಹಳಗನ್ನಡದ ‘ಪನಿ’, ಇಂದಿನ ನಮ್ಮ ‘ಹನಿ’, ಅದೇ ಮಾತಿನ ಒಡಹುಟ್ಟು. ರೋಮಿನ ಗುಡ್ಡದ ಮೇಲೆ ಬಿದ್ದ ಹಿಮ ಈ ತೀರದ ನುಡಿಯಲ್ಲಿ ಕರಗಿ ಹನಿಯಾಯಿತೆನ್ನೋಣವೆ? ಹೊರಗೆ ಕಣ್ಣಿಗೆ ಕಾಣುವ ಬಿಳುಪೆಂದರೆ ಉಪ್ಪಿನಾಗರಗಳಲ್ಲಿ ರಾಶಿಬಿದ್ದ ಉಪ್ಪು. ಆಗಸ್ಟ್ 5ರಂದು ಅಲ್ಲಿಯೂ ಹಬ್ಬ. ಕೆಲವು ವಿಶೇಷ ವರ್ಷಗಳಲ್ಲಿ ಆಕೆಯನ್ನು ಚಿನ್ನದ ತೇರಿನಲ್ಲಿ ಕುಳ್ಳಿರಿಸಿ, ಆ ಬಿಸಿಲಿನಲ್ಲಿಯೇ ಬೀದಿಗಳಲ್ಲಿ ಎಳೆಯುತ್ತಾರೆ.